ಪಕ್ಕದಲ್ಲಿ ಕೂತವರು ಯಾರು?

ಬೆಂಗಳೂರಿನ ಶ್ರೇಷ್ಠ ಹೋಟೆಲು ಯಾವುದು ಎಂಬ ಪ್ರಶ್ನೆಯನ್ನು ನಾಲಿಗೆಗಷ್ಟೇ ಬಿಟ್ಟರೆ ಸಾಲದು. ಪಕ್ಕದಲ್ಲಿ ಯಾರು ಕೂತು ಉಣ್ಣಬಹುದು ಎಂಬುದು ಧರ್ಮದ ಪ್ರಶ್ನೆಯೂ ಹೌದು. 1924ರಲ್ಲಿ ಶುರುವಾದಾಗ ಎಂಟಿಆರ್‌ನ ಹೆಸರು ಬ್ರಾಹ್ಮಣ ಕಾಫಿ ಕ್ಲಬ್. ಇಂದು ಅಲ್ಲಿನ ರವೆ ಇಡ್ಲಿಗೋ ಗಾಂಧಿ ಬಜಾರಿನ ವಿದ್ಯಾರ್ಥಿ ಭವನದ ಮಸಾಲೆ ದೋಸೆಗೋ ಕಾದವರು ಗುರುತಿಲ್ಲದವರೊಂದಿಗೆ ಮೇಜು ಹಂಚಿಕೊಳ್ಳುತ್ತಾರೆ, ಕುಲ ಕೇಳುವುದಿಲ್ಲ. ಶರಣರು ಬಯಸಿದ ಸಹಪಂಕ್ತಿ ಇಲ್ಲಿ, ಕೊಂಚ ಜಿಡ್ಡಿನೊಂದಿಗೆ, ದಿನವೂ ನಡೆಯುತ್ತದೆ.

ದುಡ್ಡಿದ್ದವನಿಗಷ್ಟೇ ತೆರೆಯುವ ಬಾಗಿಲು ದಾಸೋಹ ಹೇಗಾದೀತು ಎನ್ನಬಹುದು. ಆಕ್ಷೇಪ ನಿಜ, ವ್ಯಾಪಾರ ದಯೆಯಲ್ಲ. ಆದರೆ ಕಾಸಿಗೆ ಕುಲವಿಲ್ಲ. ಸಂವಿಧಾನದ 15ನೇ ವಿಧಿಯೂ ಹೋಟೆಲುಗಳನ್ನು ಹೆಸರಿಸಿಯೇ ಭೇದವನ್ನು ನಿಷೇಧಿಸಿದೆ. ಈ ಅಳತೆಯಲ್ಲಿ, ನಿಂತು ತಿನ್ನುವ ದರ್ಶಿನಿಯೇ ಶ್ರೇಷ್ಠ: ಅಲ್ಲಿ ಬೆಲೆಯೂ ಕಡಿಮೆ, ಮೇಲು ಕೀಳೆನ್ನಲು ಕುರ್ಚಿಯೂ ಇಲ್ಲ.