ಛತ್ರದವನಿಗೆ ಕೊಟ್ಟ ಎರಡು ನಾಣ್ಯ



ಸಂತ ಲೂಕರ ಶುಭಸಂದೇಶದ ಹತ್ತನೆಯ ಅಧ್ಯಾಯದಲ್ಲಿ ಬರುವ ಸದಯ ಸಮಾರಿತನ ಸಾಮತಿಯನ್ನು ನಾವೆಲ್ಲರೂ ಧರ್ಮೋಪದೇಶದ ತರಗತಿಯಿಂದಲೇ ಬಲ್ಲೆವು. ಗಾಯಗೊಂಡು ದಾರಿಯಲ್ಲಿ ಬಿದ್ದವನು, ನೋಡಿಯೂ ನೋಡದಂತೆ ಸಾಗಿದ ಯಾಜಕ ಮತ್ತು ಲೇವಿಯ, ಮನಮರುಗಿ ನಿಂತ ಸಮಾರಿತ, ಇವರೆಲ್ಲ ನಮಗೆ ಪರಿಚಿತರು. ಆದರೆ ಅದೇ ಸಾಮತಿಯಲ್ಲಿ ಇನ್ನೊಬ್ಬನಿದ್ದಾನೆ. ಅವನೇ ಛತ್ರದವನು. ಸಮಾರಿತ ಮರುದಿನ ತನ್ನ ದಾರಿ ಹಿಡಿದು ಹೋದ ಮೇಲೆ ಗಾಯ ತೊಳೆದು, ಬಟ್ಟೆ ಬದಲಿಸಿ, ಗಂಜಿ ಕುಡಿಸಬೇಕಾದವನು ಅವನು. ನಮ್ಮ ಪ್ರಬೋಧನೆಗಳಲ್ಲಿ ಅವನ ಮಾತು ಬರುವುದು ಅಪರೂಪ. ಆ ಛತ್ರದವನನ್ನು ನೆನಪಿಗೆ ತರುವ ಒಂದು ದ್ವೀಪದ ಬಗ್ಗೆ ಈ ವಾರ ನಿಮ್ಮೊಡನೆ ಧ್ಯಾನಿಸಲು ಬಯಸುತ್ತೇನೆ.

ಅದರ ಹೆಸರು ಲ್ಯಾಂಪೆದೂಸ. ಇಟಲಿ ದೇಶಕ್ಕೆ ಸೇರಿದ್ದಾದರೂ ಅದು ಸಿಸಿಲಿಗಿಂತ ಆಫ್ರಿಕದ ಟುನೀಷಿಯ ಕರಾವಳಿಗೇ ಹತ್ತಿರ. ವಿಸ್ತೀರ್ಣ ಸುಮಾರು 20 ಚದರ ಕಿಲೋಮೀಟರ್. ಜನಸಂಖ್ಯೆ ಸುಮಾರು 6,000. ಮೀನುಗಾರಿಕೆ ಮತ್ತು ಪ್ರವಾಸಿಗಳಿಂದ ಬರುವ ಆದಾಯ, ಇವೇ ಅಲ್ಲಿನ ಜನರ ಬದುಕು. ಬಹುಮಟ್ಟಿಗೆ ನಮ್ಮಂತೆಯೇ ಕಥೋಲಿಕರು. ಸುರಕ್ಷಿತ ಬಂದರಿನ ಮಾತೆ ಎಂಬ ಅರ್ಥದ ಪೋರ್ತೊ ಸಾಲ್ವೊ ಮಾತೆ ಅವರ ಪಾಲಕಿ. ಸೆಪ್ಟೆಂಬರ್ 22 ಅವರ ಊರಹಬ್ಬ. ಈ ಜನರೂ ಹೊರಗಿನಿಂದ ಬಂದವರೇ. 1843ರಲ್ಲಿ ಅಂದಿನ ಅರಸ ಎರಡನೆಯ ಫರ್ಡಿನಂಡ್ ಕಳುಹಿಸಿದ ಕೆಲವು ಕುಟುಂಬಗಳು ಹಡಗಿನಿಂದಿಳಿದು ಅಲ್ಲಿ ನೆಲೆಯೂರಿದವು.

1990ರ ದಶಕದಿಂದ ಈ ದ್ವೀಪಕ್ಕೆ ಸಣ್ಣ ಸಣ್ಣ ದೋಣಿಗಳಲ್ಲಿ ಜನ ಬರುತ್ತಿದ್ದಾರೆ. ಹಳೆಯ ಮರದ ದೋಣಿ, ಗಾಳಿ ತುಂಬಿದ ರಬ್ಬರ್ ದೋಣಿ, ಇತ್ತೀಚೆಗೆ ಅವಸರದಲ್ಲಿ ಬೆಸುಗೆ ಹಾಕಿದ ಕಬ್ಬಿಣದ ದೋಣಿ. ಯುದ್ಧದಿಂದ, ಮುಗಿಯದ ಸೈನಿಕ ಜೀತದಿಂದ, ಬಡತನದಿಂದ ತಪ್ಪಿಸಿಕೊಂಡು ಬಂದವರು ಅದರಲ್ಲಿ ಕಿಕ್ಕಿರಿದು ಕುಳಿತಿರುತ್ತಾರೆ. ಸಾಗಿಸುವ ದಲ್ಲಾಳಿಗಳು ಹಣ ಎಣಿಸಿಕೊಂಡು ದಡದಲ್ಲೇ ಉಳಿಯುತ್ತಾರೆ. 2014ರಿಂದ ಈಚೆಗೆ ಮೆಡಿಟರೇನಿಯನ್ ಸಮುದ್ರದಲ್ಲಿ ಸತ್ತವರು ಅಥವಾ ಕಾಣೆಯಾದವರು 30,000ಕ್ಕೂ ಹೆಚ್ಚು.

ಇವರ ಬಗ್ಗೆ ದ್ವೀಪದ ಜನ ಏನು ಹೇಳುತ್ತಾರೆ? ಪತ್ರಿಕೆಗಳಲ್ಲಿ ಒಮ್ಮೆ ಅವರನ್ನು ಸಂತರಂತೆ ಹೊಗಳುತ್ತಾರೆ. ಇನ್ನೊಮ್ಮೆ ಕಲ್ಲೆದೆಯವರಂತೆ ತೆಗಳುತ್ತಾರೆ. ನಡೆದ ಸಂಗತಿಗಳನ್ನು ನೋಡೋಣ.

2011ರ ಆರಂಭದಲ್ಲಿ ಟುನೀಷಿಯದಲ್ಲಿ ಕ್ರಾಂತಿಯಾದಾಗ ಸಾವಿರಾರು ಯುವಕರು ಬಂದಿಳಿದರು. ಮಾರ್ಚ್ ತಿಂಗಳಲ್ಲಿ ಒಂದು ಹಂತದಲ್ಲಿ ಊರವರಿಗಿಂತ ಬಂದವರೇ ಹೆಚ್ಚಾದರು. ಅವರನ್ನು ಬೇರೆಡೆಗೆ ಕಳುಹಿಸಲು ಸರ್ಕಾರ ತಡಮಾಡಿತು. ಬಂದರಿನ ಬಳಿಯ ಗುಡ್ಡದ ಮೇಲೆ ಬಯಲಿನಲ್ಲಿ ಮಲಗಿದ್ದವರಿಗೆ ಊರಿನ ಜನ ಊಟ, ಬಟ್ಟೆ, ಹೊದಿಕೆ ತಂದುಕೊಟ್ಟರು. ಅದೇ ಊರಿನವರು ಬಂದರಿಗೆ ದೋಣಿಗಳನ್ನು ಅಡ್ಡಗಟ್ಟಿ ಪ್ರತಿಭಟಿಸಿದರು. ಆ ಸೆಪ್ಟೆಂಬರಿನಲ್ಲಿ ವಾಪಸಾತಿಯ ಭಯದಿಂದ ವಲಸಿಗರು ಶಿಬಿರಕ್ಕೆ ಬೆಂಕಿಯಿಟ್ಟರು. ಮರುದಿನ ಊರವರಿಗೂ ಅವರಿಗೂ ಕಲ್ಲು ತೂರಾಟ ನಡೆಯಿತು.

2013ರ ಅಕ್ಟೋಬರ್ 3ರ ಮುಂಜಾನೆ ಲಿಬಿಯದಿಂದ ಬಂದ ಒಂದು ದೋಣಿ ದಡ ಕಾಣುವಷ್ಟು ದೂರದಲ್ಲಿ ನಿಂತುಹೋಯಿತು. ಸಹಾಯಕ್ಕೆ ಸನ್ನೆ ಮಾಡಲು ಯಾರೋ ಹೊದಿಕೆಗೆ ಬೆಂಕಿ ಹಚ್ಚಿದರು. ಅದು ಹಬ್ಬಿ, ಜನ ಹೆದರಿ ಒಂದೇ ಕಡೆಗೆ ಸರಿದಾಗ ದೋಣಿ ಮಗುಚಿತು. 368 ಮಂದಿ ಸತ್ತರು. ಹೆಚ್ಚಿನವರು ಎರಿಟ್ರಿಯ ದೇಶದವರು. ಆ ರಾತ್ರಿ ಸಣ್ಣ ದೋಣಿಯೊಂದರಲ್ಲಿ ಸಮುದ್ರದ ಮೇಲೆ ತಂಗಿದ್ದ ಎಂಟು ಮಂದಿ ಗೆಳೆಯರಿಗೆ ಬೆಳಗಿನ ಜಾವ ಕಡಲಹಕ್ಕಿಗಳ ಕೂಗಿನಂತಹ ಸದ್ದು ಕೇಳಿಸಿತು. ಹೋಗಿ ನೋಡಿದರೆ ಮನುಷ್ಯರು. ಎಣ್ಣೆಯಿಂದ ಜಾರುತ್ತಿದ್ದ ಕೈಗಳನ್ನು ಹಿಡಿದು ಹಿಡಿದು ಅವರು 47 ಮಂದಿಯನ್ನು ಮೇಲಕ್ಕೆಳೆದರು. ವಿಮಾನ ನಿಲ್ದಾಣದ ಶೆಡ್ಡಿನಲ್ಲಿ ಶವಪೆಟ್ಟಿಗೆಗಳನ್ನು ಸಾಲಾಗಿ ಇಡಬೇಕಾಯಿತು.

2023ರ ಸೆಪ್ಟೆಂಬರಿನಲ್ಲಿ ಎರಡೇ ದಿನಗಳಲ್ಲಿ ಸುಮಾರು 7,000 ಮಂದಿ ಬಂದರು. ಮತ್ತೆ ಮನೆಗಳಿಂದ ಅಡುಗೆ ಬಂತು. ಮತ್ತೆ ಅದೇ ವಾರದಲ್ಲಿ, ಇಲ್ಲಿ ಇನ್ನೊಂದು ಶಿಬಿರ ಬೇಡವೆಂದು ಊರವರು ಬೀದಿಗಿಳಿದರು.

ಪ್ರಿಯರೇ, ಇದು ಇಬ್ಬಗೆಯ ನಡತೆಯೇ? ನನಗೆ ಹಾಗನಿಸುವುದಿಲ್ಲ. ಅವರ ದೂರನ್ನು ಕಿವಿಗೊಟ್ಟು ಕೇಳಿ. ದ್ವೀಪದಲ್ಲಿ ಹೆರಿಗೆ ಆಸ್ಪತ್ರೆಯಿಲ್ಲ. ತುಂಬು ಗರ್ಭಿಣಿ ಮನೆ ಬಿಟ್ಟು ಸಮುದ್ರ ದಾಟಿ ಸಿಸಿಲಿಗೆ ಹೋಗಬೇಕು. ಹೆಣಗಳ ಸುದ್ದಿ ಬಂದಾಗ ಪ್ರವಾಸಿಗಳು ಹಿಂಜರಿಯುತ್ತಾರೆ. ಮೀನಿನ ಬಲೆಯಲ್ಲಿ ಮುರಿದ ದೋಣಿಯ ತುಂಡುಗಳು, ಕೆಲವೊಮ್ಮೆ ಮನುಷ್ಯರ ಶವಗಳು ಸಿಕ್ಕಿಕೊಳ್ಳುತ್ತವೆ. ಇದರ ನಡುವೆ ಮಂತ್ರಿಗಳು ಬಂದು ಮಾತನಾಡಿ, ಛಾಯಾಚಿತ್ರ ತೆಗೆಸಿಕೊಂಡು ವಿಮಾನ ಹತ್ತುತ್ತಾರೆ. ಯುರೋಪಿನ ದೇಶಗಳು 1990ರಲ್ಲಿ ಡಬ್ಲಿನ್ ನಗರದಲ್ಲಿ ಮಾಡಿಕೊಂಡ ಒಪ್ಪಂದದಿಂದ ಬೆಳೆದ ನಿಯಮದ ಪ್ರಕಾರ, ಆಶ್ರಯ ಬೇಡಿ ಬಂದವನ ಹೊಣೆ ಬಹುತೇಕ ಅವನು ಮೊದಲು ಕಾಲಿಟ್ಟ ದೇಶದ್ದೇ ಆಯಿತು. ಭಾರವನ್ನು ಹಂಚಿಕೊಳ್ಳುವ ಹೊಸ ನಿಯಮಗಳಿಗೆ ಅವು ಒಪ್ಪಿದ್ದು 2024ರಲ್ಲಿ.

ಈಗ ಸಾಮತಿಗೆ ಮರಳೋಣ. ಸಮಾರಿತನು ಛತ್ರದವನಿಗೆ ಕರುಣೆಯ ಮೇಲೆ ಉಪನ್ಯಾಸ ಮಾಡಲಿಲ್ಲ. ಎರಡು ಬೆಳ್ಳಿನಾಣ್ಯಗಳನ್ನು ತೆಗೆದು ಅವನ ಕೈಗಿತ್ತ. ಹೆಚ್ಚು ಖರ್ಚಾದರೆ ಹಿಂದಿರುಗಿ ಬಂದಾಗ ಕೊಡುತ್ತೇನೆಂದು ಮಾತು ಕೊಟ್ಟ. ಕರುಣೆಯ ಖರ್ಚನ್ನು ತನ್ನ ಲೆಕ್ಕಕ್ಕೆ ಬರೆದುಕೊಂಡ. ಗಾಯಾಳುವನ್ನು ಇನ್ನೊಬ್ಬರ ಬಾಗಿಲಲ್ಲಿ ಇಳಿಸಿ, ನಾಣ್ಯ ಕೊಡದೆ ಹೋಗಿ, ದೂರದಿಂದ ಅವರಿಗೆ ಪ್ರೀತಿಯ ಪಾಠ ಹೇಳುವುದು ಸದಯ ಸಮಾರಿತನ ದಾರಿಯಾಗಲಾರದು. ಛತ್ರದವನು ಗೊಣಗಿದರೆ ಅವನನ್ನು ನಿರ್ದಯನೆಂದು ಕರೆಯುವ ಮುನ್ನ ಅವನ ಕೈಯಲ್ಲಿ ನಾಣ್ಯವಿದೆಯೇ ಎಂದು ನೋಡಬೇಕು.

ಆದರೆ ಮಾತು ಇಲ್ಲಿಗೆ ಮುಗಿಯುವುದಿಲ್ಲ. ನಾಣ್ಯ ಬರಲಿಲ್ಲವೆಂದು ಛತ್ರದವನು ಗಾಯಾಳುವನ್ನು ಬೀದಿಗೆ ನೂಕಬಹುದೇ? ಮೊದಲು ನಮ್ಮವರು, ಆಮೇಲೆ ಪರರು ಎಂಬ ಮಾತನ್ನು ನಾವು ಆಗಾಗ ಕೇಳುತ್ತೇವೆ. ಸಂತ ಥಾಮಸ್ ಅಕ್ವಿನಾಸರೂ ಪ್ರೀತಿಗೆ ಒಂದು ಕ್ರಮವಿದೆ, ಹತ್ತಿರದವರ ಹೊಣೆ ನಮ್ಮ ಮೇಲೆ ಹೆಚ್ಚು ಎಂದು ಒಪ್ಪುತ್ತಾರೆ. ಆದರೆ ಅವರೇ ಇನ್ನೊಂದು ಮಾತು ಸೇರಿಸುತ್ತಾರೆ: ಪ್ರಾಣಸಂಕಟದಲ್ಲಿರುವ ಪರಕೀಯನೂ ಅಷ್ಟು ತುರ್ತಿಲ್ಲದ ಸ್ವಂತ ತಂದೆಯೂ ಎದುರಿಗಿದ್ದರೆ, ಮೊದಲು ನೆರವಾಗಬೇಕಾದ್ದು ಪರಕೀಯನಿಗೆ. ಮುಳುಗುವವನ ಮುಂದೆ ಮಿಕ್ಕ ಸರದಿಯೆಲ್ಲ ನಿಲ್ಲುತ್ತದೆ. ಸಮುದ್ರದಲ್ಲಿ ದುಡಿಯುವವರು ಇದನ್ನು ಯಾವ ಗ್ರಂಥವನ್ನೂ ಓದದೆ ಬಲ್ಲರು. 1982ರ ವಿಶ್ವಸಂಸ್ಥೆಯ ಸಮುದ್ರ ಕಾನೂನು ಒಡಂಬಡಿಕೆಯೂ ಅಪಾಯದಲ್ಲಿರುವವನಿಗೆ ನೆರವಾಗುವುದು ನಾವಿಕನ ಕರ್ತವ್ಯವೆಂದು ವಿಧಿಸುತ್ತದೆ.

ಪ್ರೇಷಿತರ ಕಾರ್ಯಕಲಾಪಗಳ ಕೊನೆಯ ಅಧ್ಯಾಯವನ್ನು ಇಂದು ರಾತ್ರಿ ಮನೆಯಲ್ಲಿ ತೆರೆದು ಓದಿ. ಅದೇ ಸಮುದ್ರದಲ್ಲಿ, ಲ್ಯಾಂಪೆದೂಸಕ್ಕೆ ಬಹು ದೂರವಲ್ಲದ ಮಾಲ್ಟ ದ್ವೀಪದ ಬಳಿ ಹಡಗು ಒಡೆದು 276 ಮಂದಿ ದಡ ಸೇರಿದರು. ಅವರಲ್ಲೊಬ್ಬರು ಕೈದಿಯಾಗಿದ್ದ ಸಂತ ಪೌಲರು. ಮಳೆಯೂ ಚಳಿಯೂ ಇದ್ದುದರಿಂದ ದ್ವೀಪದವರು ಬೆಂಕಿ ಹಾಕಿ ಎಲ್ಲರನ್ನೂ ಬರಮಾಡಿಕೊಂಡರು. ಆಮೇಲೆ ಹಾವು ಪೌಲರ ಕೈಗೆ ಸುತ್ತಿಕೊಂಡಾಗ, ಇವನು ಕೊಲೆಗಾರನೇ ಇರಬೇಕು ಎಂದು ತಮ್ಮತಮ್ಮಲ್ಲಿ ಮಾತಾಡಿಕೊಂಡರು. ಸಂಶಯ ಅವರಿಗೂ ಬಂತು. ಆದರೆ ಬೆಂಕಿ ಹಾಕಿದ ಮೇಲೆ ಬಂತು. ಈ ಅನುಕ್ರಮವನ್ನು ಗಮನಿಸಿ. ಯಾರು, ಏಕೆ ಬಂದೆ, ಇಲ್ಲಿರಬಹುದೇ, ಹಿಂದಿರುಗಬೇಕೇ ಎಂಬ ಪ್ರಶ್ನೆಗಳು ನ್ಯಾಯವಾದವೇ. ದೇಶಗಳಿಗೆ ಕಾನೂನು ಬೇಕು, ಗಡಿ ಬೇಕು. ಆ ಪ್ರಶ್ನೆಗಳನ್ನು ಒದ್ದೆ ಬಟ್ಟೆ ಬದಲಿಸಿಕೊಂಡವನಿಗೆ ಕೇಳಬಹುದು, ನೀರಿನಲ್ಲಿರುವವನಿಗೆ ಕೇಳಲಾಗದು.

ಜಗದ್ಗುರು ಫ್ರಾನ್ಸಿಸರು 2013ರಲ್ಲಿ ಆಯ್ಕೆಯಾದ ಬಳಿಕ ರೋಮ್ ನಗರದ ಹೊರಗೆ ಕೈಗೊಂಡ ಮೊದಲ ಅಧಿಕೃತ ಪ್ರಯಾಣ ಇದೇ ದ್ವೀಪಕ್ಕೆ. ಆ ಜುಲೈ 8ರಂದು ಅವರು ಸತ್ತವರಿಗಾಗಿ ಸಮುದ್ರಕ್ಕೆ ಹೂಮಾಲೆ ಹಾಕಿದರು. ಪ್ರಾಯಶ್ಚಿತ್ತದ ನೇರಳೆ ಬಣ್ಣದ ಪೂಜಾವಸ್ತ್ರ ಧರಿಸಿ ಬಲಿಪೂಜೆ ಅರ್ಪಿಸಿದರು. ನಿನ್ನ ಸಹೋದರನೆಲ್ಲಿ ಎಂದು ದೇವರು ಕಾಯಿನನನ್ನು ಕೇಳಿದ ಪ್ರಶ್ನೆಯನ್ನು ಅವರು ಲೋಕದ ಮುಂದಿಟ್ಟರು. ಅಂದೇ ದ್ವೀಪದ ಜನರಿಗೆ ಕೃತಜ್ಞತೆಯನ್ನೂ ಹೇಳಿದರು.

ಇದೆಲ್ಲ ದೂರದ ಮಾತೆನ್ನುವಿರಾ? ನಮ್ಮ ಕರಾವಳಿಯ ಎಷ್ಟೋ ಕಥೋಲಿಕ ಮನೆತನಗಳ ಹಿರಿಯರು ಗೋವೆ ಬಿಟ್ಟು, ಬರಗಾಲ, ಯುದ್ಧ, ಅಧಿಕಾರಿಗಳ ಕಿರುಕುಳಗಳಿಂದ ಪಾರಾಗಿ ಬಂದವರು. ಕೆಳದಿ ಅರಸರ ನಾಡಿನಲ್ಲಿ ಅವರಿಗೆ ಉಳಲು ಭೂಮಿ ಸಿಕ್ಕಿತು. ಅಂದು ಅಲ್ಲಿದ್ದವರು ಜಾಗ ಕೊಟ್ಟುದರಿಂದ ಇಂದು ನಮ್ಮ ದೇವಾಲಯಗಳ ಘಂಟೆಗಳು ಮೊಳಗುತ್ತಿವೆ.

ಇನ್ನೂ ಹತ್ತಿರಕ್ಕೆ ಬರೋಣ. ಪ್ರತಿಯೊಂದು ಕುಟುಂಬದಲ್ಲಿಯೂ ಒಬ್ಬ ಛತ್ರದವನಿರುತ್ತಾನೆ. ಹಾಸಿಗೆ ಹಿಡಿದ ಅಮ್ಮನನ್ನು ನೋಡಿಕೊಳ್ಳುವ ಒಬ್ಬ ಮಗ, ಒಬ್ಬ ಸೊಸೆ. ಉಳಿದವರು ಊರಹಬ್ಬಕ್ಕೆ ಬರುತ್ತಾರೆ, ಅಮ್ಮನ ಕೈ ಹಿಡಿದು ಕಣ್ಣೀರಿಡುತ್ತಾರೆ, ಇನ್ನೂ ಚೆನ್ನಾಗಿ ನೋಡಿಕೊಳ್ಳಬಾರದೇ ಎಂದು ಹೇಳಿ ಹೊರಡುತ್ತಾರೆ. ಆ ಸೊಸೆ ಒಂದು ದಿನ ಸಿಡುಕಿದರೆ ಅದೇ ಮನೆಮಂದಿಯ ಬಾಯಲ್ಲಿ ದೊಡ್ಡ ಮಾತಾಗುತ್ತದೆ. ಅವಳ ಕೈಗೆ ನಾವು ಎರಡು ನಾಣ್ಯ ಇಟ್ಟಿದ್ದೇವೆಯೇ? ಹಣವನ್ನಷ್ಟೇ ನಾನು ಹೇಳುತ್ತಿಲ್ಲ. ಒಂದು ವಾರ ನೀನು ತವರಿಗೆ ಹೋಗಿ ಬಾ, ಅಮ್ಮನ ಬಳಿ ನಾನಿರುತ್ತೇನೆ ಎನ್ನುವುದೂ ನಾಣ್ಯವೇ.

ಆದ್ದರಿಂದ ಈ ವಾರ ಕುಟುಂಬ ಜಪಸರದಲ್ಲಿ ಒಂದು ದಶಕವನ್ನು ಸಮುದ್ರದಲ್ಲಿ ಸತ್ತ ಹೆಸರಿಲ್ಲದವರಿಗಾಗಿಯೂ ಇನ್ನೊಂದನ್ನು ಅವರನ್ನು ಮೇಲಕ್ಕೆಳೆದ ದ್ವೀಪದವರಿಗಾಗಿಯೂ ಒಪ್ಪಿಸಿ. ಮೂರನೆಯದನ್ನು ನಿಮ್ಮ ಮನೆಯ ಛತ್ರದವನಿಗಾಗಿ ಒಪ್ಪಿಸಿ, ಎದ್ದು ಹೋಗಿ ಅವನ ಕೆಲಸದಲ್ಲಿ ಒಂದನ್ನಾದರೂ ಕೈಗೆತ್ತಿಕೊಳ್ಳಿ. ಆ ಸಮಾರಿತನಲ್ಲಿ ಯೇಸುಸ್ವಾಮಿಯನ್ನೂ ಆ ಛತ್ರದಲ್ಲಿ ಧರ್ಮಸಭೆಯನ್ನೂ ಸಂತ ಆಗಸ್ಟೀನರಂತಹ ಪಿತೃಗಳು ಕಂಡರು. ಹಿಂದಿರುಗಿ ಬರುತ್ತೇನೆಂದವರು ಬಂದೇ ಬರುವರು. ಅಲ್ಲಿಯವರೆಗೆ ಗಾಯಾಳುವೂ ಛತ್ರದವನೂ ನಮ್ಮ ಲೆಕ್ಕದಲ್ಲಿದ್ದಾರೆ.

ಪ್ರಭು ನಿಮ್ಮನ್ನೂ ನಿಮ್ಮ ಮನೆತನಗಳನ್ನೂ ಆಶೀರ್ವದಿಸಲಿ.