ನಗುವಿನ ಬೆಲೆ ತೆರುವವರು ಯಾರು?

ಭಾಷಣಕಾರನಿಗೆ ಹಾಸ್ಯ ಬೇಕು. ಉಪದೇಶಕ್ಕೆ ಆಕಳಿಸುವ ಸಭೆ ಒಂದು ನಗೆಮಾತಿಗೆ ಎಚ್ಚೆತ್ತು ಕುಳಿತುಕೊಳ್ಳುತ್ತದೆ. ಆದರೆ ಸಭೆ ನಕ್ಕಿತೆಂಬ ಮಾತ್ರಕ್ಕೆ ಆಡಿದ್ದು ಸರಿಯಾಗಿಬಿಡುತ್ತದೆಯೇ?

2004ರ ಮಾರ್ಚ್‌ನಲ್ಲಿ ವಾಷಿಂಗ್ಟನ್ನಿನ ಪತ್ರಕರ್ತರ ಔತಣಕೂಟವೊಂದರಲ್ಲಿ ಅಧ್ಯಕ್ಷ ಜಾರ್ಜ್ ಬುಷ್, ತಮ್ಮ ಕಚೇರಿಯ ಪೀಠೋಪಕರಣಗಳಡಿ ಬಗ್ಗಿ ಹುಡುಕುವ ಚಿತ್ರ ತೋರಿಸಿ, ಇರಾಕಿನ ಸಮೂಹನಾಶಕ ಅಸ್ತ್ರಗಳು ಇಲ್ಲೇ ಎಲ್ಲೋ ಇರಬೇಕೆಂದು ಚಟಾಕಿ ಹಾರಿಸಿದರು. ಸಭೆ ನಕ್ಕಿತು. ಮೇಲ್ನೋಟಕ್ಕೆ ಅದು ತನ್ನನ್ನೇ ಗೇಲಿ ಮಾಡಿಕೊಳ್ಳುವ ಹಾಸ್ಯ. ಆದರೆ ಅದೇ ಅಸ್ತ್ರಗಳ ಹೆಸರಿನಲ್ಲಿ 2003ರಲ್ಲಿ ಆರಂಭವಾದ ಯುದ್ಧದಲ್ಲಿ ಇರಾಕಿಗಳೂ ಅಮೆರಿಕನ್ ಸೈನಿಕರೂ ಸಾಯುತ್ತಿದ್ದರು. ತಪ್ಪು ಅವರದು, ಬೆಲೆ ತೆತ್ತವರು ಬೇರೆಯವರು.

ನಮ್ಮ ಬೀಚಿ ತಮ್ಮ ಆತ್ಮಕಥೆಯನ್ನು 'ನನ್ನ ಭಯಾಗ್ರಫಿ' ಎಂದು ಕರೆದರು. ಅಲ್ಲಿ ನಗೆಯ ಗುರಿಯೂ ಅವರೇ, ಬೆಲೆ ತೆತ್ತವರೂ ಅವರೇ.

ನಮ್ಮ ವೇದಿಕೆಗಳಲ್ಲಿ ಹೆಂಡತಿಯ ಬಾಯಿ, ಕಿವುಡನ ಪೇಚು, ಇನ್ನೊಂದು ಸಮುದಾಯದ ಮಾತಿನ ಧಾಟಿ ಸುಲಭದ ಸರಕು. ಗುರಿಯಾದವರೂ ನಗುತ್ತಾರಲ್ಲ ಎನ್ನುತ್ತೇವೆ. ತುಂಬಿದ ಸಭೆಯಲ್ಲಿ ಒಬ್ಬರೇ ಮುಖ ಗಂಟಿಕ್ಕಿ ಕೂರುವುದು ಕಷ್ಟವೆಂದೂ ಅವರು ನಕ್ಕಿರಬಹುದು. ಅಧಿಕಾರದ ಸೊಕ್ಕನ್ನು ಲೇವಡಿ ಮಾಡಲು ನಾವು ಹಿಂಜರಿಯಬೇಕಿಲ್ಲ. ಅದಕ್ಕೆ ಉತ್ತರಿಸುವ ಬಾಯಿಯಿದೆ. ಕೆಳಗೆ ಕುಳಿತ ದುರ್ಬಲನಿಗೆ ಅದಿಲ್ಲ. ಮೈಕು ನಮ್ಮ ಕೈಯಲ್ಲಿದೆ.

ನಗಿಸುವ ಮುನ್ನ ಇಷ್ಟು ಕೇಳಿಕೊಂಡರೆ ಸಾಕು: ಮೈಕನ್ನು ಅವರ ಕೈಗೆ ಕೊಟ್ಟರೂ ನಾವು ಇದೇ ಮಾತು ಆಡುತ್ತೇವೆಯೇ?