ಹಿಡಿದು ಬಿಡುವ ಮೀನು

"ಅತ್ತೆ, ಜುಲೈ ತಿಂಗಳಲ್ಲಿ ನೀವು ಇಲ್ಲೇ ಇರ್ತೀರಲ್ಲ, ಎಲ್ಲರೂ ಮೀನು ಹಿಡಿಯಲು ಹೋಗೋಣ" ಎಂದು ಅಳಿಯ ಫೋನಿನಲ್ಲಿ ಹೇಳಿದಾಗ ನನಗೆ ನಗು ಬಂತು. ಕುಂದಾಪುರದ ಕಡೆ ಹುಟ್ಟಿ, ಮೀನು ತಿಂದೇ ಬೆಳೆದ ನಾನು ಐವತ್ತೆಂಟು ವರ್ಷಗಳಲ್ಲಿ ಒಂದು ದಿನವೂ ಗಾಳ ಹಾಕಿದವಳಲ್ಲ. ಮೀನೆಂದರೆ ನನಗೆ ಬೆಳಿಗ್ಗೆ ಬುಟ್ಟಿ ಹೊತ್ತು ಬರುವವಳ ಕೂಗು, ಅವಳೊಡನೆ ಒಂದಿಷ್ಟು ಚೌಕಾಸಿ, ಆಮೇಲೆ ಒಲೆಯ ಮೇಲೆ ಕುದಿಯುವ ಸಾರು.

ಮಗಳ ಸಂಸಾರ ಇರುವುದು ಕೆನಡಾದ ವಿನ್ನಿಪೆಗ್ ನಗರದಲ್ಲಿ. ಅಲ್ಲಿಂದ ಪೂರ್ವಕ್ಕೆ ಹೋದರೆ ಒಂಟಾರಿಯೊ ಪ್ರಾಂತ್ಯ. ಎರಡೂವರೆ ಲಕ್ಷದಷ್ಟು ಸರೋವರಗಳಿರುವ ನಾಡು. ಅಲ್ಲಿನ ರೆಡ್ ಲೇಕ್ ಎಂಬ ಊರಿಗೆ 105ನೇ ಹೆದ್ದಾರಿ ಮುಗಿಯುತ್ತದೆ. ಮುಂದಿನ ದಾರಿ ಆಕಾಶದ್ದು, ನೀರಿನ ಮೇಲೆ ಇಳಿಯುವ ಪುಟ್ಟ ವಿಮಾನದಲ್ಲಿ. ಇಂತಹ ವಿಮಾನಗಳಲ್ಲಿ ಹೆಸರುವಾಸಿಯಾದ 'ಬೀವರ್' ಮೊದಲು ಹಾರಿದ್ದು 1947ರಲ್ಲಿ. ಇಂದಿಗೂ ಅದು ಆ ಕಾಡುಗಳಿಗೆ ಜನರನ್ನು ಹೊತ್ತು ಹಾರುತ್ತಿದೆ. ಸರೋವರದ ದಡದಲ್ಲಿ ನಾಲ್ಕಾರು ಮರದ ಮನೆಗಳು, ಕಟ್ಟಿಹಾಕಿದ ದೋಣಿಗಳು. ರೆಸಾರ್ಟ್ ಎಂದರೆ ಇಷ್ಟೇ ಎಂದು ಮಗಳು ಮೊದಲೇ ಎಚ್ಚರಿಸಿದಳು.

ವಾರಕ್ಕೊಂದು ಸಲ ಫೋನಿನಲ್ಲಿ ಪಟ್ಟಿ ಬೆಳೆಯತೊಡಗಿತು. ಸೊಳ್ಳೆಗಳಿಗಾಗಿ ಮುಖ ಮುಚ್ಚುವ ಬಲೆ, ಪ್ರತಿಯೊಬ್ಬರಿಗೂ ತೇಲುವ ಜಾಕೆಟ್ಟು, ಮಳೆ ಅಂಗಿ. ವಿಮಾನದಲ್ಲಿ ಸಾಮಾನಿಗೆ ತೂಕದ ಮಿತಿಯಿರುವುದರಿಂದ ನನ್ನ ಉಪ್ಪಿನಕಾಯಿ ಭರಣಿ ಪಟ್ಟಿಯಿಂದ ಬಿತ್ತು, ಮಸಾಲೆ ಪುಡಿಯ ಪೊಟ್ಟಣ ಉಳಿಯಿತು. ಹೊರದೇಶದವಳಾದ ನನಗೆ ಬೇರೆಯೇ ಲೈಸೆನ್ಸು. ಅದರಲ್ಲಿ ಎರಡು ಬಗೆ: ಒಂದರಲ್ಲಿ ಹೆಚ್ಚು ಮೀನು ಇಟ್ಟುಕೊಳ್ಳಬಹುದು, ಕಡಿಮೆ ಬೆಲೆಯ ಇನ್ನೊಂದರಲ್ಲಿ ಕಡಿಮೆ.

"ನಾವು ಹಿಡಿದ ಮೀನನ್ನೆಲ್ಲ ತಿನ್ನಲ್ಲ ಅಮ್ಮಮ್ಮ, ಹೆಚ್ಚಿನವನ್ನು ಫೋಟೋ ತೆಗೆದು ಬಿಟ್ಟುಬಿಡ್ತೇವೆ" ಎಂದಳು ಎಂಟು ವರ್ಷದ ಮೊಮ್ಮಗಳು.

"ಬಿಡುವುದಾದರೆ ಹಿಡಿಯುವುದು ಯಾಕೆ ಪುಟ್ಟಾ? ಅದಕ್ಕೆ ನೋವಾಗುವುದಿಲ್ಲವೇ?"

ಅವಳು ಸ್ವಲ್ಪ ಯೋಚಿಸಿ ಕೇಳಿದಳು: "ನೀವು ಮನೆಗೆ ತರುವ ಮೀನಿಗೆ ನೋವಾಗಿರಲ್ವಾ?"

ಮೂವತ್ತು ವರ್ಷ ತರಗತಿಯಲ್ಲಿ ಪ್ರಶ್ನೆ ಕೇಳಿದವಳು ಉತ್ತರವಿಲ್ಲದೆ ಕುಳಿತೆ.

ಮೀನಿಗೆ ನೋವು ತಿಳಿಯದು ಎಂದು ಬಹಳ ಜನ ನಂಬಿದ್ದರು. 2003ರಲ್ಲಿ ಲಿನ್ ಸ್ನೆಡನ್ ಎಂಬ ವಿಜ್ಞಾನಿ ಮತ್ತು ಅವರ ಸಂಗಡಿಗರು ಟ್ರೌಟ್ ಮೀನಿನ ತಲೆಯ ಭಾಗದಲ್ಲಿ ಗಾಯವನ್ನು ಗುರುತಿಸುವ ನರಗಳಿರುವುದನ್ನು ತೋರಿಸಿದರು. ತುಟಿಗೆ ಆಮ್ಲ ಚುಚ್ಚಿದಾಗ ಮೀನುಗಳು ಆಹಾರ ಬಿಟ್ಟವು, ತುಟಿಯನ್ನು ತೊಟ್ಟಿಯ ಕಲ್ಲುಗಳಿಗೆ ಉಜ್ಜಿದವು. ಅದು ನಮ್ಮಂಥದೇ ನೋವೇ ಎಂದು ಇನ್ನೂ ವಾದವಿದೆ. ಆದರೆ ಏನೂ ಇಲ್ಲವೆಂದು ಹೇಳಿ ಕೈತೊಳೆದುಕೊಳ್ಳುವ ಕಾಲ ಹೋಯಿತು. ಬಿಡುವ ಉದ್ದೇಶದಿಂದಲೇ ಮೀನು ಹಿಡಿಯುವುದನ್ನು ಸ್ವಿಟ್ಜರ್ಲೆಂಡ್ ಕಾನೂನಿನಿಂದ ತಡೆದಿದೆ.

ಇದನ್ನೆಲ್ಲ ಅಳಿಯನಿಗೆ ಹೇಳಿದೆ. ಅವನು ಬೇಸರಿಸಲಿಲ್ಲ. ಅಲ್ಲಿ ಎಲ್ಲರೂ ಬಯಸುವ ಮೀನು ವಾಲೈ. ವಾಯವ್ಯ ಒಂಟಾರಿಯೊದ ಹಲವೆಡೆ ದೊಡ್ಡ ಲೈಸೆನ್ಸಿಗೆ ನಾಲ್ಕು, ಚಿಕ್ಕದಕ್ಕೆ ಎರಡು ವಾಲೈ ಇಟ್ಟುಕೊಳ್ಳಬಹುದು. ಅದರಲ್ಲಿ 46 ಸೆಂಟಿಮೀಟರಿಗಿಂತ ಉದ್ದದ್ದು ಒಂದೇ ಒಂದು. "ದೊಡ್ಡವು ಹೆಚ್ಚಾಗಿ ಹೆಣ್ಣು ಅತ್ತೆ. ಆ ತಣ್ಣೀರಿನಲ್ಲಿ ಅಷ್ಟು ಬೆಳೆಯಲು ಎಷ್ಟೋ ವರ್ಷ ಬೇಕು. ಅವನ್ನೆಲ್ಲ ತಿಂದರೆ ಸರೋವರವೇ ಖಾಲಿ" ಎಂದ.

ಈ ಮಾತು ನನಗೆ ನಾಟಿತು. ಮೊಟ್ಟೆ ತುಂಬಿದ ಬಂಗುಡೆ ಸಿಕ್ಕಿದ ದಿನ ನಮ್ಮ ಮನೆಯಲ್ಲಿ ಎಷ್ಟು ಸಂಭ್ರಮ! ಎರಡು ರೂಪಾಯಿ ಹೆಚ್ಚು ಕೊಟ್ಟು ಅಂಥದನ್ನೇ ಆರಿಸಿದವಳು ನಾನು. ನಮ್ಮ ಕರಾವಳಿಯಲ್ಲೂ ಮೀನು ಮರಿಮಾಡುವ ಕಾಲವೆಂದು ಜೂನ್, ಜುಲೈ ತಿಂಗಳಲ್ಲಿ ಯಾಂತ್ರಿಕ ದೋಣಿಗಳು ಕಡಲಿಗಿಳಿಯುವಂತಿಲ್ಲ. ಆಗ ಮೀನಿನ ಬೆಲೆ ಏರಿತೆಂದು ಗೊಣಗಿದ್ದೇನೆಯೇ ಹೊರತು, ಆ ನಿಯಮ ಯಾರ ಸಲುವಾಗಿ ಎಂದು ಯೋಚಿಸಿದವಳಲ್ಲ. ನಾವು ತಿನ್ನಲು ಮಾತ್ರ ಕೊಲ್ಲುತ್ತೇವೆ, ಆಟಕ್ಕಲ್ಲ ಎಂಬ ನನ್ನ ಹೆಮ್ಮೆ ಅಂದು ಸ್ವಲ್ಪ ಇಳಿಯಿತು.

ಹಾಗೆಂದು ಬಿಟ್ಟ ಮೀನೆಲ್ಲ ಬದುಕುತ್ತದೆಯೇ? ಕೊಕ್ಕೆ ಗಂಟಲಿಗಿಳಿದರೆ ಉಳಿಯುವುದು ಕಷ್ಟ. ಆಳದಿಂದ ಎಳೆದು ತಂದರೆ ಹೊಟ್ಟೆಯ ಗಾಳಿಚೀಲ ಉಬ್ಬಿ ಅದು ಮತ್ತೆ ಕೆಳಗಿಳಿಯಲಾರದು. ಒಣಗೈಯಲ್ಲಿ ಹಿಡಿದರೆ ಮೈಮೇಲಿನ ಲೋಳೆ ಹೋಗುತ್ತದೆ. ಅದಕ್ಕಾಗಿ ಮುಳ್ಳಿಲ್ಲದ ಕೊಕ್ಕೆ, ಒದ್ದೆ ಕೈ, ನೀರಿನಲ್ಲೇ ಬಿಡಿಸುವ ರೂಢಿ, ಇವೆಲ್ಲ ಬಂದಿವೆ. ಇವನ್ನು ಪಾಲಿಸುವವರ ಕಾಳಜಿ ಸುಳ್ಳಲ್ಲ. ಆದರೆ ನಾನೇ ಮಾಡಿದ ಗಾಯಕ್ಕೆ ನಾನೇ ಔಷಧಿ ಹಚ್ಚಿ ಅದನ್ನು ದಯೆ ಎಂದು ಕರೆದುಕೊಳ್ಳುವುದು ನನ್ನ ಮನಸ್ಸಿಗೆ ಒಪ್ಪುವುದಿಲ್ಲ.

ಅಳಿಯನ ಸಂತೋಷವನ್ನು ಕ್ರೌರ್ಯ ಎನ್ನಲೂ ನನ್ನಿಂದಾಗದು. ವರ್ಷವಿಡೀ ಕಂಪ್ಯೂಟರಿನ ಮುಂದೆ ಕೂರುವ ಹುಡುಗ ಆ ಮೌನದಲ್ಲಿ ಮಗಳ ಪಕ್ಕ ದೋಣಿಯಲ್ಲಿ ಕೂರಲು ಕಾಯುತ್ತಾನೆ. ಅವನು ಬಯಸುವುದರಲ್ಲಿ ಮೀನಿನ ಪಾಲೆಷ್ಟು, ಆ ನೀರು, ಆ ಬೆಳಕು, ಆ ಮಗುವಿನ ಪಾಲೆಷ್ಟು ಎಂದು ಕೇಳಿದೆ. ತುಸು ಹೊತ್ತು ಸುಮ್ಮನಿದ್ದು, "ಅದು ನನಗೂ ಗೊತ್ತಿಲ್ಲ ಅತ್ತೆ" ಎಂದ.

ಕೊನೆಗೆ ನಾವೊಂದು ಒಪ್ಪಂದಕ್ಕೆ ಬಂದೆವು. ಎಲ್ಲರಿಗೂ ಚಿಕ್ಕ ಲೈಸೆನ್ಸು, ಮುಳ್ಳಿಲ್ಲದ ಕೊಕ್ಕೆ. ನಿಯಮ ಮೀರಿದ ದೊಡ್ಡ ಹೆಣ್ಣು ಸಿಕ್ಕರೆ ಫೋಟೋಗೆ ಕಾಯದೆ ನೀರಿಗೆ. ಅಂದಿನ ಊಟಕ್ಕೆ ಬೇಕಾದಷ್ಟು ಸಿಕ್ಕ ಕೂಡಲೇ ಗಾಳ ಒಳಗೆ. ಆಮೇಲೆ ಬರೀ ದೋಣಿ. ಅಡಿಗೆ ನನ್ನದು. ಮೀನು ಕೊಯ್ಯುವಾಗ ಮೊಮ್ಮಗಳು ಪಕ್ಕದಲ್ಲಿ ನಿಂತು ನೋಡಬೇಕು ಎಂದು ನಾನು ಹೇಳಿದೆ. ಮಗಳು ಮೊದಲು ಬೇಡವೆಂದಳು, ಆಮೇಲೆ ಒಪ್ಪಿದಳು.

ಇದರಿಂದ ಮೀನಿನ ನೋವು ಇಲ್ಲವಾಗುವುದಿಲ್ಲ, ನನಗದು ಗೊತ್ತು. ಆದರೆ ಮಗು ಕೇಳಿದ ಪ್ರಶ್ನೆಗೆ ಮುಖ ತಿರುಗಿಸದೆ ಅವಳ ಎದುರು ಕೂರಬಹುದು. "ಹೌದು ಪುಟ್ಟಾ, ನೋವಾಗುತ್ತದೆ. ಅದಕ್ಕೇ ಇಷ್ಟೇ ಸಾಕು" ಎಂದು ಹೇಳುವುದನ್ನು ಈಗಲೇ ಅಭ್ಯಾಸ ಮಾಡುತ್ತಿದ್ದೇನೆ. ಹೊಟ್ಟೆ ತುಂಬಿದ ಮೇಲೂ ಸರೋವರದ ತುಂಬ ಮೀನು ಕುಣಿಯುತ್ತಿದ್ದರೆ ಗಾಳ ಎತ್ತಿಡಲು ನಮ್ಮ ಕೈ ಕೇಳುತ್ತದೆಯೋ ಇಲ್ಲವೋ, ಜುಲೈಯಲ್ಲಿ ಗೊತ್ತಾಗುತ್ತದೆ.